ಹಳೇ ರೀಫ್ ಟ್ಯಾಂಕನ್ನ ಜಿಯೋಲೈಟ್‌ಗೆ ಬದಲಾಯಿಸ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಉಪ್ಪುನೀರಿಗ
ಎಲ್ರಿಗೂ ನಮಸ್ಕಾರ. ನಾಲ್ಕು ವರ್ಷದ ಉಪ್ಪುನೀರಿನ ಹವಳದ ಟ್ಯಾಂಕ್, ಹೇಳೋಕೆ 450 ಲೀಟರ್, ಕಲ್ಲು ಮರಳು ಕಳೆದ್ರೆ ನೀರು 380 ಇರ್ಬೋದು. ಮೀನುಗಳು ಆರಾಮಾಗಿವೆ, ಯೆಲ್ಲೋ ಟ್ಯಾಂಗ್ ಅಂತೂ ಫುಡ್ ಡಬ್ಬಿ ಅಲ್ಲಾಡಿಸಿದ ಸದ್ದಿಗೇ ಗಾಜಿಗೆ ಮೂತಿ ಒತ್ಕೊಂಡು ನಿಂತ್ಕೊಳ್ತಾನೆ. ತೊಂದ್ರೆ ಇರೋದು ಹವಳದ್ದು. ಸಾಯ್ತಾ ಇಲ್ಲ, ಬೆಳೀತಾನೂ ಇವೆ, ಆದ್ರೆ ಒಂದೊಂದಾಗಿ ಎಲ್ಲಾ ಕಂದು ಆಗ್ಬಿಟ್ಟಿವೆ. ತಂದಾಗ ನೀಲಿ ತುದಿ ಇದ್ದ ಆಕ್ರೊಪೊರಾ ಹವಳ ಈಗ ಒಣಗಿದ ಮರದ ಕಡ್ಡಿ ತರ ಕಾಣತ್ತೆ, ಮನೆಗೆ ಬಂದವರು ಇದು ಬೇರಾ ಅಂತ ಕೇಳ್ತಾರೆ.

ನೈಟ್ರೇಟ್ 25, ಫಾಸ್ಫೇಟ್ 0.14, ಆಲ್ಕ್ (ನೀರಿನ ಕ್ಷಾರೀಯತೆ) 9.8 ಡಿಕೆಎಚ್, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1320, ಉಪ್ಪಿನಂಶ 35. ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ದೊಡ್ಡದೇ ಇದೆ. ಫಾಸ್ಫೇಟ್ ಹೀರೋ ಜಿಎಫ್‌ಒ ಹರಳು ಇದೆ, ಕ್ರಿಮಿ ಸಾಯಿಸೋ ಯುವಿ ದೀಪ ಇದೆ, ಕೆಳಗಿನ ಫಿಲ್ಟರ್ ತೊಟ್ಟಿ ಸಂಪ್‌ನಲ್ಲಿ ಒಂದು ಹಿಡಿ ಕೀಟೋ ಪಾಚಿ ಇದೆ. ನೀರಲ್ಲಿನ ನೈಟ್ರೇಟ್ ಫಾಸ್ಫೇಟ್ ಇಳಿಸೋಕೆ ಅಂತ ಜಿಯೋಲೈಟ್ ಕಲ್ಲು ಹಾಕಿದವರ ಟ್ಯಾಂಕ್ ಫೋಟೋ ನೋಡಿ ನೋಡಿ ನಿದ್ದೆ ಬರ್ತಿಲ್ಲ. ಪೂರ್ತಿ ಕಲ್ಲು ಒಂದೇ ಸಲ ಹಾಕ್ಬೋದಾ? ಇರೋದ್ರಲ್ಲಿ ಯಾವ್ದನ್ನ ತೆಗೀಬೇಕು?

ಸ್ಕಿಮ್ಮರ್_ಕಪ್
ಒಂದೇ ಏಟಿಗೆ ಹಾಕ್ಬೇಡಿ. ಅಷ್ಟೇ ನಾನು ಹೇಳೋದು, ಉಳಿದ ಪುರಾಣಕ್ಕೆ ಕಲ್ಲುಹೂವು ಬರ್ತಾರೆ ನೋಡ್ತಿರಿ.

ಕಲ್ಲುಹೂವು
ಬಂದೆ ಬಂದೆ.

ಮೊದಲು ಲೆಕ್ಕ. ಜಿಯೋವಿಟ್ ಪದ್ಧತೀಲಿ, ಅದೇ ಜರ್ಮನಿಯ ಕೊರಾಲೆನ್ ಝುಕ್ಟ್‌ನವರದ್ದು, ಸುಮಾರು 400 ಲೀಟರ್ ನೀರಿಗೆ 1 ಲೀಟರ್ ಕಲ್ಲು, ಆ ಒಂದು ಲೀಟರ್ ಕಲ್ಲಿನ ಮೂಲಕ ಗಂಟೆಗೆ 400 ಲೀಟರ್ ನೀರು ಹೋಗ್ಬೇಕು. ಅದು ಪೂರ್ತಿ ಡೋಸ್. ನಿಮ್ಮ ಹವಳಗಳು ನಾಲ್ಕು ವರ್ಷ ಹೊಟ್ಟೆ ತುಂಬ ತಿಂದು ಕೂತಿರೋವು, ಅವಕ್ಕೆ ರಾತ್ರೋರಾತ್ರಿ ಉಪವಾಸ ಹಾಕಿದ್ರೆ ಸುಮ್ನೆ ಇರ್ತಾವಾ? ಕಾಲು ಲೀಟರ್ ಇಂದ ಶುರು ಮಾಡಿ, ಹಾಕೋ ಮುಂಚೆ ಆರ್‌ಒ ನೀರಲ್ಲಿ ಧೂಳು ಹೋಗೋವರೆಗೆ ತೊಳೀರಿ, ಮೂರು ನಾಲ್ಕು ವಾರ ನೋಡ್ಕೊಂಡು ಇನ್ನೊಂದು ಕಾಲು. ದಿನಾ ಒಂದ್ಸಲ ರಿಯಾಕ್ಟರ್ (ಕಲ್ಲು ತುಂಬಿ ನೀರು ಹರಿಸೋ ಡಬ್ಬಿ) ಹಿಡಿ ಮೇಲೆ ಕೆಳಗೆ ಎಳೆದು ಕಲ್ಲು ಕುಲುಕ್ಬೇಕು. ಕಂದು ರಾಡಿ ಮೋಡದ ತರ ಹೊರಗೆ ಬರತ್ತೆ, ಹೆದರ್ಬೇಡಿ, ಅದೇ ಹವಳದ ಊಟ. ಹತ್ತು ನಿಮಿಷ ಬಿಟ್ಟು ಟಾರ್ಚ್ ಹಿಡಿದು ನೋಡಿ, ಹಗಲಲ್ಲಿ ಮುಚ್ಕೊಂಡಿರೋ ಪಾಲಿಪ್‌ಗಳೂ (ಹವಳದ ಪುಟ್ಟ ಜೀವಿಗಳು) ಕೂದಲು ಬಿಟ್ಟ ಹಂಗೆ ಆಚೆ ಬಂದಿರ್ತವೆ.

ಆರರಿಂದ ಎಂಟು ವಾರಕ್ಕೆ ಕಲ್ಲು ಬದಲಾಯಿಸಿ. ಯುವಿ ನಿಲ್ಸಿ, ನಾವು ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ಹಾಕೋದು, ಅದು ಕೂತು ಸಾಯಿಸೋದು ಯಾಕೆ. ಜಿಎಫ್‌ಒ ಅರ್ಧ ಮಾಡಿ, ಆಮೇಲೆ ತೆಗೀರಿ.

ಎಲ್ಲಕ್ಕಿಂತ ಮುಖ್ಯ ಆಲ್ಕ್. 9.8 ಅಲ್ಲಿ ಕಲ್ಲು ಮುಟ್ಲೇಬೇಡಿ. 7 ರಿಂದ 8 ರ ಒಳಗೆ ತನ್ನಿ, ವಾರಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಇಳಿಸ್ಬೇಡಿ.

ಬಿಳಿತುದಿ
ನನ್ನ ಹೆಸರು ನೋಡಿದ್ರೇ ಗೊತ್ತಾಗ್ಬೇಕು ನಿಮಗೆ.

ನಾನು ಮಾಡಿದ್ದು ಹೇಳ್ತೀನಿ ಕೇಳಿ, ಒಂದೇ ಶನಿವಾರ ಪೂರ್ತಿ ಕಲ್ಲು, ಹೊಸ ಜಿಎಫ್‌ಒ, ಹೊಸ ಕಾರ್ಬನ್, ಮೇಲಿಂದ ಬ್ಯಾಕ್ಟೀರಿಯಾ ಬಾಟಲಿ, ಆಲ್ಕ್ ಆಗ 11 ಇತ್ತು ಬೆಳವಣಿಗೆ ಚೆನ್ನಾಗಾಗ್ಲಿ ಅಂತ ಏರ್ಸಿಟ್ಟಿದ್ದೆ. ನಾಲ್ಕು ದಿನ ನೀರು ಅಂದ್ರೆ ಗಾಜು, ಮೀನು ಗಾಳೀಲಿ ತೇಲ್ತಿದಾವೇನೋ ಅನ್ನಂಗೆ. ಎಲ್ರಿಗೂ ಫೋಟೋ ಕಳ್ಸಿದ್ದೇ ಕಳ್ಸಿದ್ದು. ಒಂಬತ್ತನೇ ದಿನ ಬೆಳಗ್ಗೆ ಲೈಟ್ ಹತ್ತಿದಾಗ ಆಕ್ರೊ ತುದಿಗಳು ಬಿಳಿ, ಬೆಳೀತಿರೋ ಬಿಳಿ ಅಲ್ಲ, ಸುಟ್ಟ ಬಿಳಿ, ಮಾಂಸ ಇಲ್ಲ ಬರೀ ಎಲುಬು. ಎರಡು ವಾರದಲ್ಲಿ ಹನ್ನೊಂದರಲ್ಲಿ ಎಂಟು ಕಾಲನಿ ಹೋದ್ವು. ಸಿಟ್ಟಲ್ಲಿ ಕಲ್ಲನ್ನ ಬೈದೆ. ಕಲ್ಲೇನು ಮಾಡತ್ತೆ ಪಾಪ, ಆತುರ ನಂದು.

ಉಪ್ಪುನೀರಿಗ
@ಬಿಳಿತುದಿ ಅಯ್ಯೋ. ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ಆಲ್ಕ್‌ಗೂ ತುದಿ ಸುಡೋದಕ್ಕೂ ಏನು ಸಂಬಂಧ?

ಬಿಳಿತುದಿ
ನಂಗೆ ಅರ್ಥ ಆಗಿರೋದು ಇಷ್ಟು: ಆಲ್ಕ್ ಜಾಸ್ತಿ ಇದ್ರೆ ಎಲುಬು ಜೋರಾಗಿ ಬೆಳ್ಯೋಕೆ ಹೋಗತ್ತೆ, ಆದ್ರೆ ಅದರ ಮೇಲೆ ಮಾಂಸ ಹೊದಿಸೋಕೆ ಬೇಕಾದ ಸಾರಜನಕ ರಂಜಕ ನೀರಲ್ಲಿ ಇರಲ್ಲ. ಗೋಡೆ ಎದ್ದುಬಿಡ್ತು, ಗಾರೆ ಮಾಡೋರು ಬರ್ಲಿಲ್ಲ.

ಅಯಾನ್_ಮೇಷ್ಟ್ರು
ಎಲ್ಲಾ ಸರಿ, ಆದರೆ ಒಂದು ಮಾತು ಯಾರೂ ಹೇಳ್ತಿಲ್ಲ. ಜಿಯೋಲೈಟ್ ಅಮೋನಿಯ ಹೀರ್ಕೊಳ್ಳತ್ತೆ ಅಂತ ಡಬ್ಬಿ ಮೇಲೆ ಬರೀತಾರಲ್ಲ, ಸಿಹಿನೀರಲ್ಲಿ ನಿಜ. ಕ್ಲಿನಾಪ್ಟಿಲೊಲೈಟ್ ಅಂದ್ರೆ ಅಲ್ಯುಮಿನಿಯಂ ಸಿಲಿಕೇಟಿನ ಪಂಜರ, ಒಳಗೆ ಧನ ಅಯಾನುಗಳು ಅದಲು ಬದಲಾಗ್ತವೆ. ಸಿಹಿನೀರಿನವರು ಕಲ್ಲು ತುಂಬಿಹೋದ ಮೇಲೆ ಅದನ್ನ ಮತ್ತೆ ಖಾಲಿ ಮಾಡೋಕೆ ಏನ್ ಮಾಡ್ತಾರೆ ಗೊತ್ತಾ? ಉಪ್ಪುನೀರಲ್ಲಿ ನೆನೆಸ್ತಾರೆ! ಸೋಡಿಯಂ ನುಗ್ಗಿ ಅಮೋನಿಯಂನ ಆಚೆ ತಳ್ಳತ್ತೆ. ನಮ್ಮ ಟ್ಯಾಂಕ್ ಪೂರ್ತಿ ಉಪ್ಪುನೀರೇ. ಲೀಟರಿಗೆ ಸೋಡಿಯಂ 10,000 ಮಿಲಿಗ್ರಾಂ ದಾಟತ್ತೆ, ಪೊಟ್ಯಾಸಿಯಂ 400 ರ ಹತ್ರ, ಅಮೋನಿಯ ಅಳತೆಗೇ ಸಿಗಲ್ಲ. ಈ ಸಂತೇಲಿ ಅಮೋನಿಯಂಗೆ ಕೂರೋಕೆ ಜಾಗ ಎಲ್ಲಿ ಸ್ವಾಮಿ?

ಕಲ್ಲುಹೂವು
ಮೇಷ್ಟ್ರೇ, ಹಂಗಾದ್ರೆ ನನ್ನ ನೈಟ್ರೇಟ್ ಎಲ್ಲಿ ಹೋಯ್ತು? 15 ಇದ್ದದ್ದು 1 ಆಗಿದೆ.

ಅಯಾನ್_ಮೇಷ್ಟ್ರು
ನೀವು ಕಲ್ಲಿನ ಜೊತೆ ದಿನಾ ಹನಿ ಹನಿ ಹಾಕ್ತೀರಲ್ಲ ಇಂಗಾಲದ ಬಾಟಲಿ, ಅದು ಮಾಡಿದ ಕೆಲಸ. ಬ್ಯಾಕ್ಟೀರಿಯಾಗೆ ಇಂಗಾಲ ಸಿಕ್ತು, ಅದು ನೈಟ್ರೇಟು ಫಾಸ್ಫೇಟು ಎರಡನ್ನೂ ತಿಂದು ದಪ್ಪ ಆಯ್ತು, ಸ್ಕಿಮ್ಮರ್ ಅದನ್ನ ಎತ್ತಿ ಕಪ್‌ಗೆ ಹಾಕ್ತು. ವೋಡ್ಕಾ ಹಾಕೋರೂ ಇದನ್ನೇ ಮಾಡೋದು, ಕಲ್ಲಿಲ್ಲದೇ.

ಕಲ್ಲುಹೂವು
ವೋಡ್ಕಾ ನಾನೂ ಎರಡು ವರ್ಷ ಹಾಕಿದೀನಿ. ನೈಟ್ರೇಟ್ ಇಳೀತು, ಗಾಜಿನ ಮೇಲೆ ಪೈಪಿನೊಳಗೆ ಎಲ್ಲಾ ಬಿಳಿ ಲೋಳೆ. ಕಲ್ಲಿದ್ರೆ ಆ ಲೋಳೆ ಬಹುಪಾಲು ಕಲ್ಲಿನ ಮೇಲೇ ಕಟ್ಟತ್ತೆ, ಕುಲುಕಿದಾಗ ಉದುರತ್ತೆ, ಹವಳ ತಿನ್ನತ್ತೆ. ಕಲ್ಲು ಅಮೋನಿಯಂ ಹಿಡಿಯತ್ತೋ ಬಿಡತ್ತೋ, ಬ್ಯಾಕ್ಟೀರಿಯಾಗೆ ಮನೆ ಅಂತೂ ಆಗತ್ತೆ ತಾನೇ.

ಅಯಾನ್_ಮೇಷ್ಟ್ರು
ಮನೆ ಅಂದ್ರೆ ಒಪ್ತೀನಿ. ಸ್ಪಂಜು ಅಂದ್ರೆ ಒಪ್ಪಲ್ಲ.

ಅಳಿವೆಬಾಗಿಲು
ಇದೆಲ್ಲ ಯಾಕೆ ಮಾರಾಯ್ರೆ? ನನ್ನ ಟ್ಯಾಂಕಿನಲ್ಲಿ ನೈಟ್ರೇಟ್ 20 ಉಂಟು, ಫಾಸ್ಫೇಟ್ 0.1 ಉಂಟು, ಹವಳ ಎಲ್ಲ ಬಣ್ಣ ಬಣ್ಣ ಉಂಟು. ಮೀನಿಗೆ ಚೆನ್ನಾಗಿ ಹಾಕುದು, ಚೆನ್ನಾಗಿ ತೆಗೆಯುದು, ಅಷ್ಟೇ. ನೀರನ್ನು ಹಸಿವಿನಲ್ಲಿ ಇಟ್ಟು ಹವಳಕ್ಕೆ ಮತ್ತೆ ಬಾಟಲಿಯಿಂದ ಅಮೈನೋ ಆಸಿಡ್ ಕುಡಿಸುದು ಎಂತ ಲಾಜಿಕ್?

ಸ್ಕಿಮ್ಮರ್_ಕಪ್
^ ಇವರ ಹವಳ ನಿಜವಾಗ್ಲೂ ಚೆನ್ನಾಗಿದೆ, ನೋಡಿದೀನಿ. ಹೊಟ್ಟೆ ಉರೀತದೆ.

ನೀಲಿಬೆಳಕು
ಮೂಲ ಪ್ರಶ್ನೆಗೇ ಬರ್ತೀನಿ. ಕಂದು ಅಂದ್ರೆ ಹವಳದೊಳಗಿನ ಜೂಜಾಂಥೆಲ್ಲೆ ಪಾಚಿ ಜಾಸ್ತಿ ಆಗಿದೆ ಅಂತ, ಸರಿ. ಗೊಬ್ಬರ ಜಾಸ್ತಿ ಆದ್ರೂ ಆಗತ್ತೆ, ಬೆಳಕು ಕಮ್ಮಿ ಆದ್ರೂ ಆಗತ್ತೆ, ಸಿಗೋ ಅಷ್ಟು ಬೆಳಕನ್ನ ಹಿಡಿಯೋಕೆ ಬಣ್ಣದ ಗಾಢತೆ ಹೆಚ್ಚಿಸ್ಕೊಳ್ತವೆ. ಉಪ್ಪುನೀರಿಗ ಅವ್ರೆ, ಲೈಟ್ ಯಾವ್ದು, ಎಷ್ಟು ಹಳೇದು, ಪಾರ್ (ಹವಳಕ್ಕೆ ಸಿಗೋ ಬೆಳಕಿನ ಅಳತೆ) ಎಷ್ಟು? ಒಬ್ರೂ ಕೇಳ್ಲಿಲ್ವಲ್ಲ.

ಉಪ್ಪುನೀರಿಗ
ಟಿ5, ಆರು ಟ್ಯೂಬ್. ಹಳೇದು ಅಂದ್ರೆ... ಡೈರಿ ನೋಡಿದೆ, 20 ತಿಂಗಳು. ಮೀಟರ್ ಸ್ನೇಹಿತರತ್ರ ಇದೆ, ತಂದು ನೋಡ್ತೀನಿ.

ನೀಲಿಬೆಳಕು
20 ತಿಂಗಳು!! 9 ರಿಂದ 12 ತಿಂಗಳಿಗೆ ಬದಲಾಯಿಸೋ ಟ್ಯೂಬ್ ಅದು. ನಿಮ್ಮ ಅರ್ಧ ರೋಗ ಅಲ್ಲೇ ಇದೆ.

ಟ್ಯಾಂಗ್_ದಾಸ
ಸಂಬಂಧ ಇಲ್ದೇ ಕೇಳ್ತಿದೀನಿ ಕ್ಷಮಿಸಿ, ಯೆಲ್ಲೋ ಟ್ಯಾಂಗ್ ರಾತ್ರಿ ಮೈಮೇಲೆ ಬಿಳಿ ಪಟ್ಟೆ ಬರತ್ತಲ್ಲ ಅದು ಕಾಯಿಲೆನಾ?

ಸ್ಕಿಮ್ಮರ್_ಕಪ್
ಇಲ್ಲ. ನಿದ್ದೆಯ ಬಣ್ಣ. ಮಲಗಕ್ಕೆ ಬಿಡಿ ಪಾಪ, ಟಾರ್ಚ್ ಆಫ್ ಮಾಡಿ.

ಉಪ್ಪುನೀರಿಗ
ಮೀಟರ್ ತಂದೆ. ಆಕ್ರೊ ಇರೋ ಜಾಗದಲ್ಲಿ 110. ನಾಚಿಕೆ ಆಗ್ತಿದೆ. ಟ್ಯೂಬ್ ಆರ್ಡರ್ ಮಾಡಿದೀನಿ, ಕಲ್ಲೂ ಬಂದಿದೆ. ಈ ಭಾನುವಾರ ಎರಡೂ ಮಾಡಿ ಮುಗಿಸ್ಬಿಡ್ತೀನಿ.

ನೀಲಿಬೆಳಕು
ಬೇಡ.

ಕಲ್ಲುಹೂವು
ಬೇಡ ರೀ!

ಬಿಳಿತುದಿ
ನಾನು ಮೇಲೆ ಬರೆದಿದ್ದು ಯಾರಿಗೆ?

ಅಯಾನ್_ಮೇಷ್ಟ್ರು
ಇದಕ್ಕೆ ಓದಿದ್ದೇ ಇದೆ. 2013ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೇಲಿ ಸೌತಾಂಪ್ಟನ್‌ನ ವೀಡನ್‌ಮನ್ ಮತ್ತು ಜೊತೆಯವರು ಬರೆದದ್ದು, ಸಾರಜನಕ ಇದ್ದು ಫಾಸ್ಫೇಟ್ ಇಲ್ಲದೇ ಹೋದ್ರೆ ಹವಳದೊಳಗಿನ ಪಾಚಿ ಹಸಿವಿಗೆ ಬೀಳತ್ತೆ, ಆಗ ಬಿಸಿಗೂ ಬೆಳಕಿಗೂ ಬೇಗ ಬಿಳಿಚಿಕೊಳ್ಳತ್ತೆ. ನೀವು ಒಂದು ಕಡೆ ಹಸಿವು ತರಿಸಿ ಇನ್ನೊಂದು ಕಡೆ ಬೆಳಕು ಎರಡರಷ್ಟು ಮಾಡೋಕೆ ಹೊರಟಿದೀರಿ. ಮೊದಲು ಟ್ಯೂಬ್. ಅದೂ ದಿನಕ್ಕೆ ಐದು ಗಂಟೆಯಿಂದ, ವಾರಕ್ಕೆ ಅರ್ಧ ಮುಕ್ಕಾಲು ಗಂಟೆ ಏರಿಸ್ತಾ. ಕಲ್ಲು ಡಬ್ಬೀಲಿ ಕೊಳೆಯಲ್ಲ, ಇರ್ಲಿ.

ಇನ್ನೊಂದು, ಫಾಸ್ಫೇಟ್ 0.14 ಹೆಂಗೆ ಅಳೆದ್ರಿ?

ಉಪ್ಪುನೀರಿಗ
ಹನ್ನಾ ಚೆಕರ್, ಫಾಸ್ಫರಸ್ ಅಳೆಯೋದು. 46 ಅಂತ ಬಂತು, 3.066 ರಿಂದ ಗುಣಿಸಿ ಸಾವಿರಕ್ಕೆ ಭಾಗಿಸಿದೆ.

ಅಯಾನ್_ಮೇಷ್ಟ್ರು
ಲೆಕ್ಕ ಸರಿ. ಸೀಸೆ ಒಳಗಿಡೋ ಮುಂಚೆ ಪ್ರತಿಸಲ ಬಟ್ಟೇಲಿ ಒರೆಸ್ತೀರಾ? ಒಂದು ಬೆರಳಿನ ಗುರುತು ಸಾಕು ಅಂಕಿ ಏರೋಕೆ. ಪುಡಿ ಪ್ಯಾಕೆಟ್ಟಿನ ಮೂಲೇಲಿ ಉಳೀತದೆ, ತಟ್ಟಿ ತಟ್ಟಿ ಹಾಕಿ, ಗುಳ್ಳೆ ಹೋಗೋವರೆಗೆ ಕಾಯಿರಿ. ಮೂರು ಸಲ ನೋಡಿ ಸರಾಸರಿ ಬರ್ಕೊಳ್ಳಿ.

ಗಟ್ಟಿಕಲ್ಲು
ನಾನೂ ಒಂದು ಹೇಳ್ತೀನಿ ನೋಡ್ರಿ, ಯಾರೂ ಇದನ್ನ ಹೇಳಂಗಿಲ್ಲ. ಕರೆಂಟ್ ಹೋದಾಗ ರಿಯಾಕ್ಟರ್ ಪಂಪ್ ನಿಂತ್ರ ಒಳಗಿನ ಕಲ್ಲಿಗೆ ಆಮ್ಲಜನಕ ಇಲ್ಲ. ಬ್ಯಾಕ್ಟೀರಿಯಾ ಒಂದs ಸವನ ಉಸಿರಾಡಿ ಖಾಲಿ ಮಾಡ್ತಾವ. ನಮ್ಮ ಮನ್ಯಾಗ ಒಂದು ರಾತ್ರಿ ಪೂರ್ತಿ ನಿಂತಿತ್ತು, ನಾನು ಮಲಕೊಂಡಿದ್ದೆ. ಮುಂಜಾನೆ ಕರೆಂಟ್ ಬಂದ ಕೂಡ್ಲೇ ಪಂಪ್ ತಾನಾಗೇ ಚಾಲೂ ಆತು, ಒಳಗಿನ ಹೊಲಸು ನೀರೆಲ್ಲ ಟ್ಯಾಂಕಿಗೆ. ಕೊಳೆತ ತತ್ತಿ ವಾಸನಿ ಅಂದ್ರ ಅದs. ಎರಡು ಮೀನು ಹೋದ್ವು. ಈಗ ರಿಯಾಕ್ಟರ್ ಪಂಪಿಗೆ ತಾನಾಗೇ ಚಾಲೂ ಆಗದಂಥ ಸ್ವಿಚ್ ಹಾಕೀನಿ, ಕರೆಂಟ್ ಬಂದ ಮ್ಯಾಲೆ ಮೂಸಿ ನೋಡೇ ಒತ್ತೂದು. ತಾಸುಗಟ್ಲೆ ನಿಂತಿದ್ರ ಕಲ್ಲು ಹೊರಗ ತಗದು ಒಗೀರಿ, ಉಳಿಸಾಕ ಹೋಗಬ್ಯಾಡ್ರಿ.

ಕಲ್ಲುಹೂವು
ಇದು ಚಿನ್ನದಂಥ ಮಾತು. ನಾನೇ ಮರ್ತಿದ್ದೆ.

ಉಪ್ಪುನೀರಿಗ (ಆರು ವಾರದ ನಂತರ)
ಬದುಕಿದೀನಿ. ಕಲ್ಲು ಇನ್ನೂ ಡಬ್ಬೀಲೇ ಇದೆ, ಬೈಬೇಡಿ. ಟ್ಯೂಬ್ ಹಾಕಿ ಐದು ಗಂಟೆಯಿಂದ ಎಂಟೂವರೆಗೆ ತಂದಿದೀನಿ, ಆಕ್ರೊ ಜಾಗದಲ್ಲಿ ಪಾರ್ 240. ಆಲ್ಕ್ ಡೋಸಿಂಗ್ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ 7.8 ಗೆ ಇಳಿಸಿದೆ. ವಿಚಿತ್ರ ಅಂದ್ರೆ ಒಂದು ಮಾಂಟಿಪೊರಾ ಹವಳದ ಅಂಚು ಆಗ್ಲೇ ನೇರಳೆ ತಿರುಗ್ತಿದೆ, ಕಲ್ಲು ಹಾಕೋಕೆ ಮುಂಚೇನೇ!

ನೀಲಿಬೆಳಕು
ಎದೆ ತಟ್ಕೊಳ್ಳಲ್ಲ, ಆದ್ರೂ ಹೇಳಿದ್ನಲ್ಲ.

ಅಳಿವೆಬಾಗಿಲು
ಹಾಗಾದ್ರೆ ಕಲ್ಲನ್ನು ವಾಪಸ್ ಕೊಟ್ಟು ಬಿಡಿ ಮಾರಾಯ್ರೆ.

ಸ್ಕಿಮ್ಮರ್_ಕಪ್
ಆಲ್ಕ್, ಬೆಳಕು ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರಿ ಅಂತ ಯಾರೂ ಬೈಯಲ್ವಾ?

ಉಪ್ಪುನೀರಿಗ
ಶ್ಶ್. ಇವತ್ತು ಕಾಲು ಲೀಟರ್ ಕಲ್ಲು ತೊಳೆದು ಹಾಕಿದೆ. ಯುವಿ ಆಫ್. ಜಿಎಫ್‌ಒ ಅರ್ಧ.

ಉಪ್ಪುನೀರಿಗ (ಮತ್ತೆ ನಾಲ್ಕು ವಾರಕ್ಕೆ)
ನೈಟ್ರೇಟ್ 25 ರಿಂದ 9. ಫಾಸ್ಫೇಟ್ ಮಾತ್ರ ಜಗ್ತಾ ಇಲ್ಲ, 0.13, 0.12, ಮತ್ತೆ 0.13. ಮರಳಿನ ಮೇಲೆ ಕೆಂಪು ಸಯನೊ (ಸಯನೊಬ್ಯಾಕ್ಟೀರಿಯಾ) ಹಾಳೆ ಹರಡಿದೆ, ಬೆಳಗ್ಗೆ ಎಳೆದು ತೆಗೆದ್ರೆ ಸಂಜೆಗೆ ಮತ್ತೆ ರೆಡಿ. ಇಂಗಾಲದ ಹನಿ ಜಾಸ್ತಿ ಮಾಡ್ಲಾ?

ಕಲ್ಲುಹೂವು
ಜಾಸ್ತಿ ಅಲ್ಲ, ಅರ್ಧಕ್ಕೆ ಇಳಿಸಿ! ಸಯನೊ ಕೂಡ ಆ ಇಂಗಾಲಕ್ಕೇ ಬಾಯಿ ಹಾಕತ್ತೆ. ತಳದಲ್ಲಿ ನೀರಿನ ಓಟ ಹೆಚ್ಚಿಸಿ, ನೀರು ಬದಲಾಯಿಸೋವಾಗ ಪೈಪಲ್ಲಿ ಹೀರಿ.

ಫಾಸ್ಫೇಟ್ ಇಳೀದೇ ಇರೋದು ಸಹಜ. ನಾಲ್ಕು ವರ್ಷ ನಿಮ್ಮ ರಾಕ್, ಜಿಯೋಲೈಟ್ ಅಲ್ಲ, ಟ್ಯಾಂಕಿನೊಳಗಿನ ಬಂಡೆ, ಅದನ್ನ ಮೈಗೆ ಹಚ್ಕೊಂಡು ಕೂತಿದೆ, ಸುಣ್ಣದ ಕಲ್ಲಲ್ವಾ. ನೀರಲ್ಲಿ ಕಮ್ಮಿ ಆದಂಗೆ ಅದು ಬಿಟ್ಕೊಡ್ತಾ ಹೋಗತ್ತೆ. ಹಳೇ ಸಾಲ ತೀರೋವರೆಗೆ ಅಂಕಿ ನಿಂತಲ್ಲೇ ನಿಂತಿರತ್ತೆ. ಅರ್ಧ ಜಿಎಫ್‌ಒ ಇರ್ಲಿ, ಸದ್ಯಕ್ಕೆ ತೆಗೀಬೇಡಿ.

ಟ್ಯಾಂಗ್_ದಾಸ
ಸಯನೊಗೆ ಎರಿತ್ರೊಮೈಸಿನ್ ಹಾಕಿದ್ರೆ ಎರಡೇ ದಿನ, ನಂಗೆ ಕೆಲಸ ಮಾಡಿದೆ.

ಅಯಾನ್_ಮೇಷ್ಟ್ರು
ಬ್ಯಾಕ್ಟೀರಿಯಾ ನಂಬ್ಕೊಂಡು ನಡೆಸೋ ಟ್ಯಾಂಕಿಗೆ ಆಂಟಿಬಯಾಟಿಕ್? ದಯವಿಟ್ಟು ಟ್ಯಾಂಗ್ ಮಲಗಿಸೋಕೆ ಹೋಗಿ.

ಉಪ್ಪುನೀರಿಗ (ಹತ್ತನೇ ವಾರ, ಕಲ್ಲು ಹಾಕಿದ ದಿನದಿಂದ)
ಸಯನೊ ಹೋಯ್ತು, ಹೆಂಗೆ ಹೋಯ್ತೋ ಗೊತ್ತಿಲ್ಲ, ಒಂದು ದಿನ ಇರ್ಲಿಲ್ಲ ಅಷ್ಟೇ. ಕಲ್ಲು ಈಗ ಅರ್ಧ ಲೀಟರ್, ಏಳನೇ ವಾರದಲ್ಲಿ ಒಮ್ಮೆ ಪೂರ್ತಿ ಬದಲಾಯಿಸಿದೆ. ನೈಟ್ರೇಟ್ 4, ಫಾಸ್ಫೇಟ್ 0.06. ಹೊಸ ತಲೆನೋವು, ಮಾಂಟಿಪೊರಾ ಬೂದು ಹೊಡೀತಿದೆ. ಪೊಟ್ಯಾಸಿಯಂ ಕಿಟ್‌ನಲ್ಲಿ ನೋಡಿದ್ರೆ 340. ಕಲ್ಲು ಪೊಟ್ಯಾಸಿಯಂ ಎಳ್ಕೊಳ್ಳತ್ತೆ ಅಂತ ಎಲ್ಲೋ ಓದಿದ್ದೆ. ಬಾಟಲಿ ಕೈಯಲ್ಲೇ ಇದೆ, ಸುರೀಲಾ?

ಅಯಾನ್_ಮೇಷ್ಟ್ರು
ಮುಚ್ಚಳ ಮುಚ್ಚಿ. ಹೊಸದಾಗಿ ಕಲಸಿದ ಉಪ್ಪುನೀರು, 35 ರಲ್ಲಿ, ಅದನ್ನ ಅದೇ ಕಿಟ್‌ನಲ್ಲಿ ಅಳೀರಿ ಮೊದಲು. ಕಲ್ಲು ಪೊಟ್ಯಾಸಿಯಂ ಎಳ್ಕೊಳ್ಳೋದು ನಿಜ, ಆದ್ರೆ ಆ ಕಿಟ್ ನೀರು ಎಷ್ಟು ಮಬ್ಬಾಯ್ತು ಅಂತ ಕಣ್ಣಳತೆ ಮಾಡೋದು.

ಉಪ್ಪುನೀರಿಗ
ಹೊಸ ನೀರೂ 345 ತೋರಿಸ್ತು. ಕಿಟ್ ಅವಧಿ ಮುಗಿದು ಏಳು ತಿಂಗಳಾಗಿದೆ.

ಗಟ್ಟಿಕಲ್ಲು
ಹಹ್ಹಾ, ಸುರಿದಿದ್ರ 60 ಪಿಪಿಎಂ ಹೆಚ್ಚಿಗಿ ಆಗ್ತಿತ್ತು ನೋಡ್ರಿ. ಬೂದು ಯಾಕಂದ್ರ ಹೊಟ್ಟಿ ಹಸದದ. ಮೀನಿಗೆ ಇನ್ನೊಂದು ಚೂರು ಜಾಸ್ತಿ ಹಾಕ್ರಿ, ಜಿಎಫ್‌ಒ ತಗೀರಿ ಈಗ.

ಕಲ್ಲುಹೂವು
ಇದಕ್ಕೆ ನಾನು ಒಪ್ಪಲ್ಲ, ಫಾಸ್ಫೇಟ್ ಇನ್ನೂ 0.03 ಕ್ಕೆ ಬರ್ಬೇಕು, ಅರ್ಧ ದಾರೀಲಿದೀರಿ. ಪೂರ್ತಿ ಕಲ್ಲು ಹಾಕಿ ಪದ್ಧತಿ ಪ್ರಕಾರ ಮಾಡಿ, ಆಗ ನಿಜವಾದ ಬಣ್ಣ ನೋಡ್ತೀರಿ.

ಅಳಿವೆಬಾಗಿಲು
ಅಂಕಿ ನೋಡಿ ಹವಳ ಸಾಕುದಾ, ಹವಳ ನೋಡಿ ಹವಳ ಸಾಕುದಾ?

ಉಪ್ಪುನೀರಿಗ (ಹದಿನಾಲ್ಕನೇ ವಾರ)
ಜಿಎಫ್‌ಒ ತೆಗೆದೆ, ಮೀನಿಗೆ ದಿನಕ್ಕೆ ಒಂದ್ಸಲ ಹಾಕ್ತಿದ್ದದ್ದು ಎರಡು ಸಲ ಮಾಡಿದೆ. ಟ್ಯಾಂಗ್ ಖುಷಿ. ನೈಟ್ರೇಟ್ 3 ರಿಂದ 5, ಫಾಸ್ಫೇಟ್ 0.04 ರಿಂದ 0.06 ಅಲ್ಲೇ ಓಡಾಡ್ತಿದೆ, ಆಲ್ಕ್ 7.6. ಮಾಂಟಿಪೊರಾ ಬೂದು ಹೋಗಿ ಮತ್ತೆ ನೇರಳೆ. ಆಕ್ರೊ ತುದಿ ನೀಲಿ ಬಂತು, ಬುಡದ ಕಡೆ ತೆಳು ಹಸಿರು, ಒಂದೇ ಒಂದು ಸತ್ತಿಲ್ಲ. ಒಂದು ಕಾಲನಿ ಮಾತ್ರ ಇನ್ನೂ ಕಂದು, ಅದು ಪಕ್ಕದ್ದರ ನೆರಳಲ್ಲಿದೆ ಅಂತ ಈಗ ಗಮನಿಸಿದೆ. ಕಲ್ಲುಹೂವು ಅವ್ರೆ, ಬೇಜಾರ್ ಮಾಡ್ಕೋಬೇಡಿ, ನಾನು ಅರ್ಧ ಲೀಟರ್‌ಗೇ ನಿಲ್ಲಿಸ್ತಿದೀನಿ. ನಿಮ್ಮ ಟ್ಯಾಂಕಿನಷ್ಟು ಹೊಳಪಿಲ್ಲ ನಿಜ, ಆದ್ರೆ ನಿಮ್ಮ ತರ ದಿನಾ ಐದು ಬಾಟಲಿ ಹನಿ ಎಣಿಸೋ ತಾಳ್ಮೆ ನಂಗಿಲ್ಲ.

ಕಲ್ಲುಹೂವು
ಬೇಜಾರ್ ಏನಿಲ್ಲ. ಇದನ್ನ ಜಿಯೋಲೈಟ್ ಪದ್ಧತಿ ಅಂತ ಮಾತ್ರ ಕರೀಬೇಡಿ.

ಅಯಾನ್_ಮೇಷ್ಟ್ರು
ಟ್ಯೂಬ್ ಪದ್ಧತಿ ಅನ್ನಿ.

ಉಪ್ಪುನೀರಿಗ
:) ಒಂದೇ ಒಂದು ಪ್ರಶ್ನೆ ಉಳೀತು. ನಾಳೆ ಕಲ್ಲು ಬದಲಾಯಿಸೋ ದಿನ. ಹೋದ್ಸಲ ಎಲ್ಲಾ ಎಸೆದಾಗ ನಾಲ್ಕೈದು ದಿನ ಸ್ಕಿಮ್ಮರ್ ನೊರೇನೇ ಕಟ್ಲಿಲ್ಲ. ಈ ಸಲ ಹಳೇ ಕಲ್ಲು ಒಂದು ಹಿಡಿ ಬೀಜಕ್ಕೆ ಅಂತ ಉಳಿಸ್ಕೊಳ್ಲಾ?

ಕಲ್ಲುಹೂವು
ಉಳಿಸ್ಕೊಳ್ಳಿ, ನಾನು ಯಾವಾಗ್ಲೂ ಹತ್ತರಲ್ಲೊಂದು ಪಾಲು ಇಡ್ತೀನಿ.

ಗಟ್ಟಿಕಲ್ಲು
ಮೊದಲ ಮೂಸಿ ನೋಡ್ರಿ.

ಅಳಿವೆಬಾಗಿಲು
ಎಂತಕ್ಕೆ, ಬ್ಯಾಕ್ಟೀರಿಯಾ ರಾಕಿನಲ್ಲಿ ಬೇಕಾದಷ್ಟು ಉಂಟು.

ಟ್ಯಾಂಗ್_ದಾಸ
ನನ್ನ ಟ್ಯಾಂಗ್ ಈಗ ಹಗಲಲ್ಲೂ ಪಟ್ಟೆ ಬಿಡ್ತಿದೆ, ಯಾರಾದ್ರೂ ಇದೀರಾ?